ಬೋರ್ಡು ಹೋಗಿದೆ ಎಂದರು

ಶಿರಸಿಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಯಕ್ಷಗಾನದ ಹ್ಯಾಂಡ್‌ಬಿಲ್ಲು, ಸಹಕಾರಿ ಸಂಘಗಳ ವಾರ್ಷಿಕ ವರದಿ, ಇಷ್ಟೇ ವಹಿವಾಟು. ಕೆಲಸದ ಕಂಪ್ಯೂಟರನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡಿದ್ದೆ. ಯಾವುದೋ ಆಫೀಸಿನಲ್ಲಿ ದುಡಿದು ಬಂದ ಸಣ್ಣ ಡಬ್ಬಿ. ಜಾಗ ಕಡಿಮೆ ತಿನ್ನುತ್ತದೆ, ಸದ್ದಿಲ್ಲ. ಅಂಗಡಿಯ ಮೂಲೆಗೆ ಅದೇ ಸರಿ ಅನ್ನಿಸಿತ್ತು.

ಭಾದ್ರಪದದ ಮಳೆಯಲ್ಲಿ ಒಂದು ರಾತ್ರಿ ಎಲ್ಲೋ ಮರ ಬಿದ್ದು ಕರೆಂಟು ಹೋಯಿತು. ಬೆಳಗಾಗುವಷ್ಟರಲ್ಲಿ ಯುಪಿಎಸ್ ಕೂಡ ಬರಿದಾಗಿತ್ತು. ಕರೆಂಟು ಬಂದ ಮೇಲೆ ಗುಂಡಿ ಒತ್ತಿದೆ. ಏನೂ ಇಲ್ಲ. ಫ್ಯಾನ್ ತಿರುಗಲಿಲ್ಲ, ದೀಪ ಹತ್ತಲಿಲ್ಲ, ಬೀಪ್ ಕೂಡ ಇಲ್ಲ. ವೈರು ಬದಲಾಯಿಸಿದೆ, ಬೇರೆ ಪ್ಲಗ್ಗಿಗೆ ಹಾಕಿದೆ. ಪ್ಲಗ್ ಕಿತ್ತು ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದರೆ ಒಳಗೆ ಉಳಿದ ವಿದ್ಯುತ್ತು ಇಳಿದು ಕೆಲವು ಯಂತ್ರಗಳು ಏಳುತ್ತವೆ. ಅದನ್ನೂ ಮಾಡಿದೆ. ಜಪ್ಪಯ್ಯ ಅಂದರೂ ಏಳಲಿಲ್ಲ.

ಕೈಯಲ್ಲಿದ್ದದ್ದು ಒಂದು ಸೊಸೈಟಿಯ ವರದಿ. ಸೆಪ್ಟೆಂಬರಿನಲ್ಲಿ ಅವರ ಸರ್ವಸಾಧಾರಣ ಸಭೆ. ಜಮಾ-ಖರ್ಚಿನ ಪಟ್ಟಿಗಳನ್ನೆಲ್ಲ ಕೂಡಿಸಿ, ಕರಡು ತಿದ್ದಿ, ಪ್ರೆಸ್ಸಿಗೆ ಕಳಿಸುವುದಷ್ಟೇ ಬಾಕಿಯಿತ್ತು. ಅಧ್ಯಕ್ಷರ ಫೋನು ಬಂದಾಗಲೆಲ್ಲ ಹೊಟ್ಟೆಯೊಳಗೆ ತಳಮಳ. ರಾತ್ರಿ ನಿದ್ದೆ ಹತ್ತಲಿಲ್ಲ.

ಡಬ್ಬಿಯನ್ನು ಕಂಪ್ಯೂಟರ್ ಸರ್ವೀಸಿನ ಅಂಗಡಿಗೆ ಒಯ್ದೆ. ಅಲ್ಲಿಯ ಹುಡುಗ ರ್‍ಯಾಮ್ ಕಿತ್ತು ಪೆನ್ಸಿಲ್ ರಬ್ಬರಿನಿಂದ ತಿಕ್ಕಿದ. ಬೋರ್ಡಿನ ಗುಂಡು ಸೆಲ್ಲು ಬದಲಾಯಿಸಿದ. ಗುಂಡಿ ಒತ್ತಿ, "ಬೋರ್ಡು ಹೋಗಿದೆ ಸರ್. ಈ ಮಾಡೆಲ್ಲಿಗೆ ಬೋರ್ಡು ಸಿಗೋದಿಲ್ಲ, ಹೊಸದು ತಗೊಳ್ಳಿ" ಅಂದ. ರ್‍ಯಾಮ್ ಕೆಟ್ಟರೆ ಫ್ಯಾನಾದರೂ ತಿರುಗಬೇಕು, ಬೀಪ್ ಆದರೂ ಬರಬೇಕು. ದೀಪವೇ ಹತ್ತದ ಯಂತ್ರಕ್ಕೆ ರಬ್ಬರು ತಿಕ್ಕುವುದು ಶಾಸ್ತ್ರಕ್ಕಷ್ಟೇ. ವೋಲ್ಟ್ ಅಳೆಯುವ ಮೀಟರನ್ನು ಅವನು ಕೈಗೇ ಎತ್ತಿಕೊಳ್ಳಲಿಲ್ಲ. ಹೊಸ ಯಂತ್ರದ ರೇಟು ಮಾತ್ರ ಬಾಯಿಪಾಠವಾಗಿತ್ತು.

ಮೊದಲು ಕೆಲಸ ಉಳಿಸಿಕೊಳ್ಳಬೇಕಲ್ಲ. ಹಾರ್ಡ್ ಡಿಸ್ಕ್ ಬಿಚ್ಚಿ, ಯುಎಸ್‌ಬಿ ಕೇಸಿಗೆ ಹಾಕಿ, ಅಳಿಯನ ಲ್ಯಾಪ್‌ಟಾಪಿಗೆ ಚುಚ್ಚಿದೆ. ಫೈಲುಗಳೆಲ್ಲ ಇದ್ದವು! ತೆರೆದರೆ ಕನ್ನಡವೇ ಇಲ್ಲ, ಪುಟ ತುಂಬ ಕೊಂಬು ಕೋಡುಗಳ ಪರದೇಶಿ ಅಕ್ಷರ. ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಫೈಲು, ಆ ಲ್ಯಾಪ್‌ಟಾಪಿನಲ್ಲಿ ನುಡಿ ಇರಲಿಲ್ಲ. ಹಾಕಿದ ಮೇಲೆ ಅಕ್ಷರ ಮೂಡಿತು. ವರದಿ ಪ್ರೆಸ್ಸಿಗೆ ಹೋಯಿತು, ನನ್ನ ಉಸಿರು ಕೆಳಗಿಳಿಯಿತು.

ಡಬ್ಬಿಯನ್ನು ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ. ಬಸ್ ಸ್ಟ್ಯಾಂಡ್ ಹಿಂದೆ ಟಿವಿ ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ. ಅವರು ಡಬ್ಬಿ ಮುಟ್ಟುವ ಮೊದಲೇ ಕೇಳಿದ್ದು, "ತಮಾ, ಇದಕ್ಕೆ ಕರೆಂಟು ಪೂರ್ತಿ ಹೋದದ್ದು ಯಾವಾಗ?"

ಯುಪಿಎಸ್ ಇದ್ದುದರಿಂದ ತಿಂಗಳುಗಟ್ಟಲೆ ಪೂರ್ತಿ ಹೋದದ್ದೇ ಇಲ್ಲ, ಆ ರಾತ್ರಿಯೇ ಹೋದದ್ದು ಅಂದೆ. "ಹಾಗಾದ್ರೆ ಬೋರ್ಡಿನ ಮೇಲೆ ತಪ್ಪು ಹೊರಿಸ್ಬೇಡ" ಅಂದರು.

ಕಂಪ್ಯೂಟರ್ ಆಫ್ ಆಗಿದ್ದರೂ ಪ್ಲಗ್ಗಿನಲ್ಲಿ ಕರೆಂಟು ಇರುವ ತನಕ ಅದಕ್ಕೆ ವಿದ್ಯುತ್ತು ಒದಗಿಸುವ ಎಸ್‌ಎಂಪಿಎಸ್ಸಿನ ನೇರಳೆ ವೈರಿನಲ್ಲಿ 5 ವೋಲ್ಟ್ ಇರಬೇಕು. ಮುಂದಿನ ಗುಂಡಿಯ ಒತ್ತು ಬೋರ್ಡಿಗೆ ತಿಳಿಯುವುದೇ ಆ ಬಲದಿಂದ. 4.75ಕ್ಕಿಂತ ಕಡಿಮೆ ಇದ್ದರೆ ಲೆಕ್ಕಕ್ಕಿಲ್ಲ. ಅವರು ತಮ್ಮ ಹಳೆಯ ಮುಳ್ಳಿನ ಮೀಟರಿನ ಕಡ್ಡಿಯನ್ನು ನೇರಳೆಗೂ ಕಪ್ಪಿಗೂ ತಾಗಿಸಿದರು. ಮುಳ್ಳು ಏಳುತ್ತದೆ, ಅರ್ಧಕ್ಕೂ ಹೋಗದೆ ಬೀಳುತ್ತದೆ, ಮತ್ತೆ ಏಳುತ್ತದೆ. ಕಿವಿ ಕೊಟ್ಟರೆ ಒಳಗಿಂದ ಸಣ್ಣಗೆ ಟಿಕ್ ಟಿಕ್. ಡಿಜಿಟಲ್ ಮೀಟರಿನಲ್ಲಾಗಿದ್ದರೆ ಏನೋ ಅಂಕಿ ಕುಣಿಯುತ್ತಿದೆ ಅಂದುಕೊಳ್ಳುತ್ತಿದ್ದೆ. ಮುಳ್ಳು ರೋಗವನ್ನು ಕಣ್ಣಿಗೆ ಕಟ್ಟಿಸಿತು.

ಆದರೂ ಅವರು ಅವಸರ ಮಾಡಲಿಲ್ಲ. ದೊಡ್ಡ ಕಂಪ್ಯೂಟರಿನ ಎಸ್‌ಎಂಪಿಎಸ್ ಒಂದನ್ನು ತರಿಸಿದರು. ನನ್ನ ಡಬ್ಬಿಯೊಳಗೆ ಅದು ಕೂರುವುದಿಲ್ಲ, ಈ ಸಣ್ಣ ಯಂತ್ರಗಳ ಶಾಪವೇ ಅದು, ಆಕಾರ ಎಲ್ಲ ಸ್ವಂತದ್ದು. ಪುಣ್ಯಕ್ಕೆ ನನ್ನದರ ಕನೆಕ್ಟರು ಮಾತ್ರ ಮಾಮೂಲಿ 24 ಪಿನ್ನಿನದು. ತರಿಸಿದ ದೊಡ್ಡದನ್ನು ಮೇಜಿನ ಮೇಲೆ ಹೊರಗೇ ಇಟ್ಟು 24 ಪಿನ್ನು, ಪ್ರೊಸೆಸರಿನ 4 ಪಿನ್ನು ಎರಡನ್ನೂ ಸಿಕ್ಕಿಸಿ ಗುಂಡಿ ಒತ್ತಿದರು. ಫ್ಯಾನು ಬರ್ರನೆ ತಿರುಗಿತು. ಹೋಗಿದೆ ಎಂದ ಬೋರ್ಡು ಗಟ್ಟಿಯಾಗಿಯೇ ಇತ್ತು.

ಆಮೇಲೆ ನನ್ನ ಎಸ್‌ಎಂಪಿಎಸ್ ಬಿಚ್ಚಿದರು. 230 ವೋಲ್ಟ್ ಒಳಗೆ ಹೋಗಿ ಡಿಸಿ ಆದಾಗ 300 ದಾಟುತ್ತದೆ, ಪ್ಲಗ್ ಕಿತ್ತ ಮೇಲೂ ದೊಡ್ಡ ಕಂಡೆನ್ಸರಿನಲ್ಲಿ ಕೂತಿರುತ್ತದೆ. ಅದನ್ನು ಇಳಿಸಿಯೇ ಕೈ ಹಾಕಿದರು. ಕೆಟ್ಟದ್ದು ಮಾತ್ರ ಹೀಟ್‌ಸಿಂಕಿನ ಪಕ್ಕದ ಪುಟಾಣಿ ಕಂಡೆನ್ಸರು, 47 ಮೈಕ್ರೋಫ್ಯಾರಡ್, 50 ವೋಲ್ಟಿನದು. ನೇರಳೆ ವೈರಿಗೆ ಬಲ ಕೊಡುವ ಸ್ಟ್ಯಾಂಡ್‌ಬೈ ಸರ್ಕೀಟಿನ ಐಸಿಗೆ ಮೊದಲ ತಳ್ಳು ಕೊಡುವುದೇ ಅದು. ಒಮ್ಮೆ ಎದ್ದ ಮೇಲೆ ಐಸಿ ತನ್ನ ಆಹಾರವನ್ನು ಟ್ರಾನ್ಸ್‌ಫಾರ್ಮರಿನಿಂದಲೇ ಪಡೆಯುತ್ತದೆ. ಹಾಗಾಗಿ ಕಂಡೆನ್ಸರು ಒಣಗಿದ್ದರೂ ಕರೆಂಟು ಹೋಗದಿದ್ದಷ್ಟು ದಿನ ಗುಟ್ಟು ರಟ್ಟಾಗಲಿಲ್ಲ. ಉಬ್ಬಿರಲಿಲ್ಲ, ಸೋರಿರಲಿಲ್ಲ, ಕಣ್ಣಿಗೆ ಹೊಸದರಂತೆಯೇ ಇತ್ತು. ಬಿಸಿ 10 ಡಿಗ್ರಿ ಏರಿದರೆ ಇಂಥ ಕಂಡೆನ್ಸರಿನ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಇಕ್ಕಟ್ಟಾದ ಡಬ್ಬಿಯಲ್ಲಿ, ಸಣ್ಣ ಫ್ಯಾನಿನ ಗಾಳಿಯಲ್ಲಿ ಅದು ವರ್ಷಗಟ್ಟಲೆ ಬೆಂದಿತ್ತು.

105 ಡಿಗ್ರಿ ಬಿಸಿ ತಾಳುವಂಥದ್ದನ್ನೇ ಹುಡುಕಿ ಹಾಕಿದರು. ಕಂಡೆನ್ಸರಿನ ಬೆಲೆ ಒಂದು ಚಹಾದ ದುಡ್ಡು. ಅವರ ಕೂಲಿಯನ್ನು ನಾನೇ ಜಾಸ್ತಿ ಕೊಡಹೋದರೆ ಬೈದರು.

ಗುಂಡಿ ಒತ್ತಿದರೂ ಏಳದ ಯಂತ್ರ ನಿಮ್ಮಲ್ಲೂ ಇದ್ದರೆ, ಎಸ್‌ಎಂಪಿಎಸ್ಸನ್ನು ನೀವೇ ಬಿಚ್ಚಬೇಡಿ. ಆದರೆ ಬೋರ್ಡು ಹೋಗಿದೆ ಎನ್ನುವವರನ್ನು ಎರಡು ಮಾತು ಕೇಳಿ: ನೇರಳೆ ವೈರಿನಲ್ಲಿ ಎಷ್ಟು ವೋಲ್ಟ್ ಇದೆ, ಬೇರೆ ಎಸ್‌ಎಂಪಿಎಸ್ ಹಾಕಿ ನೋಡಿದಿರಾ? ಉತ್ತರ ಸಿಗದಿದ್ದರೆ ಹೊಸದಕ್ಕೆ ದುಡ್ಡು ಕೊಡಬೇಡಿ.