ಬಿಟ್ಟ ಹಕ್ಕಿ ತಿರುಗಿ ಬಂದಾಗ

ಪಾರಿವಾಳ ಸಾಕಿದವರು ಸಿಕ್ಕರೆ ನಾನು ತಪ್ಪದೆ ಕೇಳುವ ಮಾತು ಒಂದಿದೆ: ಈ ಹುಚ್ಚು ನಿಮಗೆ ಹತ್ತಿದ್ದು ಹೇಗೆ? ಗೂಡಿನಲ್ಲಿ ಐವತ್ತು ಹಕ್ಕಿ ಇಟ್ಟವರೂ ಉತ್ತರ ಹೇಳುವಾಗ ಒಂದೇ ಹಕ್ಕಿಗೆ ಬಂದು ನಿಲ್ಲುತ್ತಾರೆ. ಗಿಡುಗನ ಉಗುರು ತಾಗಿ ಹಿತ್ತಲಲ್ಲಿ ಬಿದ್ದಿದ್ದ ಬೂದು ಹೆಣ್ಣು. ಸೋದರಮಾವ ಸಂತೆಯಿಂದ ಕೈಚೀಲದಲ್ಲಿ ತಂದ ಜೋಡಿಯಲ್ಲಿ ಉಳಿದದ್ದು. ಶಾಲೆಯ ಗೋಡೆಯ ಸಂದಿಯಿಂದ ಕೆಳಗೆ ಬಿದ್ದ, ಮೈಮೇಲೆ ಹಳದಿ ನವಿರು ಬಿಟ್ಟರೆ ಏನೂ ಇಲ್ಲದ ಮರಿ. ಅದರ ಕಣ್ಣಿನ ಬಣ್ಣ ಅವರಿಗೆ ನೆನಪಿರುತ್ತದೆ. ಯಾವ ರೆಕ್ಕೆಯಲ್ಲಿ ಬಿಳಿ ಗರಿ ಇತ್ತೆಂಬುದೂ ನೆನಪಿರುತ್ತದೆ.

ನನ್ನದು ಕುಳಗೇರಿ ಕ್ರಾಸಿನ ನೆನಪು. ಹುಬ್ಬಳ್ಳಿಯಿಂದ ನರಗುಂದ ದಾಟಿ, ಕೊಣ್ಣೂರಿನಾಚೆ ಮಲಪ್ರಭೆಯ ಸೇತುವೆ ದಾಟಿ ಬಂದರೆ ಈ ಜಾಗ ಸಿಗುತ್ತದೆ. ನೇರ ಹೋದರೆ ಕೆರೂರು, ಬಾಗಲಕೋಟೆ, ವಿಜಯಪುರ. ಬಲಕ್ಕೆ ಹೊರಳಿದರೆ ಬಾದಾಮಿ. ಇಲ್ಲಿ ಇಳಿಯುವವರು ಬಹಳ, ನಿಲ್ಲುವವರು ಕಡಿಮೆ. ಬಸ್ಸು ಬದಲಿಸುವ ನಡುವೆ ಒಂದು ಚಹಾ, ಒಂದು ಪ್ಲೇಟು ಮಿರ್ಚಿ, ಅಷ್ಟೇ. ಸುತ್ತಲಿನ ಹಳ್ಳಿಗಳ ಹಳೆಯ ಮನೆಗಳಿಗೆ ಮಣ್ಣಿನ ಮಾಳಿಗೆ. ಏಣಿ ಹತ್ತಿ ನಿಂತರೆ ಕಣ್ಣಿಗೆ ಅಡ್ಡ ಬರುವಂಥದ್ದು ಏನೂ ಇಲ್ಲ. ಎರಿಹೊಲದ ಅಂಚಿನವರೆಗೂ ಆಕಾಶವೇ. ಪಾರಿವಾಳದ ಹವ್ಯಾಸಕ್ಕೆ ಇದಕ್ಕಿಂತ ಅನುಕೂಲದ ಮನೆ ಯಾರೂ ಕಟ್ಟಿಸಲಾರರು.

ಕ್ರಾಸಿನಲ್ಲಿ ಪಂಕ್ಚರ್ ತಿದ್ದುತ್ತಿದ್ದ ಹಿರಿಯರೊಬ್ಬರು ಮಾಳಿಗೆಯ ಮೇಲೆ ಹಣ್ಣಿನ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಜೋಡಿಸಿ, ಮುಂದೆ ಜಾಳಿಗೆ ಬಡಿದು ಗೂಡು ಮಾಡಿದ್ದರು. ಹೊತ್ತು ಇಳಿಯುವಾಗ ತಗಡಿನ ಡಬ್ಬಿಯಲ್ಲಿ ಜೋಳ ಅಲ್ಲಾಡಿಸಿ, ಆವ್ ಆವ್ ಎಂದು ಕೂಗುತ್ತಿದ್ದರು. ಎಲ್ಲೋ ಚುಕ್ಕಿಯಾಗಿದ್ದ ಹಕ್ಕಿಗಳು ಸುರುಳಿ ಸುತ್ತಿ ಅವರ ತೋಳಿನ ಮೇಲೇ ಇಳಿಯುತ್ತಿದ್ದವು. ಕೆಳಗೆ ನಿಂತು ನೋಡುತ್ತಿದ್ದ ನನ್ನನ್ನು ಅವರು ಒಂದು ದಿನ ಕರೆದು, ಮುಚ್ಚಿದ ಬುಟ್ಟಿ ಕೈಗಿಟ್ಟರು. “ಕೆರೂರಿಗೆ ಹೊಂಟಿಯಲ್ಲ, ಊರ ಹೊರಗ ಇದನ್ನ ಬಿಟ್ಟ ಬಾ. ಅಂಜಬ್ಯಾಡ, ಅದಕ್ಕ ಮನಿ ಗೊತ್ತೈತಿ.”

ಬಸ್ಸಿನುದ್ದಕ್ಕೂ ಬುಟ್ಟಿ ತೊಡೆಯ ಮೇಲೆ. ಕೆರೂರಿನ ಹೊರಗೆ ಹಕ್ಕಿಯನ್ನು ಎರಡೂ ಕೈಯಲ್ಲಿ ಹಿಡಿದಾಗ ಅದರ ಎದೆಯ ಬಡಿತ ನನ್ನ ಅಂಗೈಗೆ ಬಡಿಯುತ್ತಿತ್ತು. ಮೇಲಕ್ಕೆ ಹಾರಿಸಿದೆ. ತಲೆಯ ಮೇಲೆ ಸುತ್ತು ಹಾಕಿ, ಏನನ್ನೋ ತೂಗಿ ನೋಡಿದಂತೆ ಒಂದು ಗಳಿಗೆ ವಾಲಿ, ದಕ್ಷಿಣಕ್ಕೆ ಮುಖ ಮಾಡಿ ಹೊರಟುಹೋಯಿತು. ನಾನು ಕೆಲಸ ಮುಗಿಸಿ ಬಸ್ಸು ಹಿಡಿದು ಕ್ರಾಸಿಗೆ ಬಂದು ಮಾಳಿಗೆ ಹತ್ತಿದರೆ, ಅದು ಪೆಟ್ಟಿಗೆಯ ಮುಂದೆ ನಿಂತು ಜೋಳ ಹೆಕ್ಕುತ್ತಿದೆ. ಯಾವಾಗ ಬಂತು ಎಂದು ಕೇಳಿದೆ. “ನೀ ಬಸ್ಸಿಗೆ ಕೈ ಮಾಡೂದ್ರಾಗ ಬಂದಿತ್ತು” ಎಂದರು.

ಈ ಹವ್ಯಾಸದ ಬೇರು ಅಲ್ಲೇ ಇದೆ ಎಂದು ನಾನು ನಂಬುತ್ತೇನೆ. ನಾಯಿಯನ್ನು ಸರಪಳಿಯಲ್ಲಿ ಕಟ್ಟುತ್ತೇವೆ, ಎತ್ತಿಗೆ ಮೂಗುದಾರ ಹಾಕುತ್ತೇವೆ. ಪಾರಿವಾಳಕ್ಕೆ ಮಾತ್ರ ಇಡೀ ಆಕಾಶವನ್ನು ಕೊಟ್ಟು, ಅದು ಬರುತ್ತದೋ ಇಲ್ಲವೋ ಎಂದು ಕಾಯುತ್ತೇವೆ. ಹೋಗಬಹುದಾದದ್ದು ಬಂದಿತಲ್ಲ, ಆ ಬೆರಗು ಒಮ್ಮೆ ಒಳಗೆ ಇಳಿದರೆ ಮತ್ತೆ ಏಳುವುದಿಲ್ಲ. ಸ್ಪರ್ಧೆ, ಬಹುಮಾನ, ತಳಿಯ ಹೆಮ್ಮೆ ಎಲ್ಲವೂ ಇದರ ಮೇಲೆ ಆಮೇಲೆ ಕಟ್ಟಿದ ಅಂತಸ್ತುಗಳು.

ಆದರೆ ಆ ಬೆರಗನ್ನು ದುಡ್ಡು ಕೊಟ್ಟು ತರಲು ಬರುವುದಿಲ್ಲ. ಹೊಸಬರು ಇದನ್ನು ಮೊದಲೇ ತಿಳಿದುಕೊಳ್ಳಬೇಕು. ಪ್ರಾಯದ ಪಾರಿವಾಳವನ್ನು ಕೊಂಡು ತಂದು ಬಿಟ್ಟರೆ ಅದು ಹೋಗುವುದು ಹಳೆಯ ಮನೆಗೇ. ಹಾಗಾಗಿ ತಂದ ಜೋಡಿಯನ್ನು ಗೂಡಿನಲ್ಲೇ ಇಟ್ಟು ಸಾಕಬೇಕು, ಅದು ಮೊಟ್ಟೆಯಿಡುವವರೆಗೆ ಕಾಯಬೇಕು. 2 ಮೊಟ್ಟೆ, ಸುಮಾರು 18 ದಿನದ ಕಾವು. ಬೆಳಗು ಏರಿದ ಮೇಲೆ ಗಂಡು ಬಂದು ಕೂರುತ್ತದೆ, ಮಧ್ಯಾಹ್ನ ಇಳಿದ ಮೇಲೆ ಹೆಣ್ಣು. ರಾತ್ರಿಯ ಕಾವು ಅವಳದೇ. ಮರಿ ಒಡೆದಾಗ ತಾಯಿ ತಂದೆ ಇಬ್ಬರ ಕೊರಳಚೀಲದಲ್ಲೂ ಹಾಲಿನಂಥ ಗಟ್ಟಿ ದ್ರವ ಒಸರುತ್ತದೆ, ಮೊದಲ ದಿನಗಳ ಆಹಾರ ಅದೊಂದೇ. ತಂದೆಯೂ ಹಾಲೂಡಿಸುವ ಈ ಸಂಸಾರವನ್ನು ಹತ್ತಿರದಿಂದ ಕಂಡ ಮಕ್ಕಳು ಬೇಗ ಬದಲಾಗುತ್ತಾರೆ. ಕಲ್ಲು ಹಿಡಿಯುತ್ತಿದ್ದ ಕೈ ಕಾಳು ಹಿಡಿಯುವುದನ್ನು ನಾನು ನೋಡಿದ್ದೇನೆ. ನಾಲ್ಕೈದು ವಾರಕ್ಕೆ ಮರಿ ಹಾರುತ್ತದೆ. ನಿಮ್ಮ ಮಾಳಿಗೆಯನ್ನು ಮನೆ ಎಂದು ತಿಳಿದ ಮೊದಲ ಹಕ್ಕಿ ಅದು. ಹಲವರ ನಿಜವಾದ ಆರಂಭ ಈ ಮರಿಯಿಂದಲೇ.

ಕ್ರಾಸಿನಿಂದ ಬಾದಾಮಿಗೆ ಹೋದರೆ ಈ ಹಕ್ಕಿಯ ಮೂಲ ಮನೆ ಕಾಣುತ್ತದೆ. ಅಗಸ್ತ್ಯತೀರ್ಥದ ಸುತ್ತಲಿನ ಕೆಂಪು ಮರಳುಗಲ್ಲಿನ ಬಂಡೆಗಳ ಸೀಳುಗಳಲ್ಲಿ ಪಾರಿವಾಳಗಳ ಗುಂಪು ಗುಂಪೇ ಇದೆ. ರೆಕ್ಕೆಯ ಮೇಲೆ ಎರಡು ಕಪ್ಪು ಪಟ್ಟೆಯ ಬೂದು ಬಂಡೆಪಾರಿವಾಳ. ಮನುಷ್ಯ ಸಾಕಿದ ಎಲ್ಲ ತಳಿಗಳೂ, ಪಲ್ಟಿ ಹೊಡೆಯುವ ಗಿರಬಾಜವೂ, ಬಾಲ ಬಿಚ್ಚಿ ನಿಲ್ಲುವ ಲಕ್ಕಾವೂ, ನೂರಾರು ಕಿಲೋಮೀಟರ್‌ನಿಂದ ಮನೆಗೆ ಬರುವ ಹೋಮರೂ ಇದರಿಂದಲೇ ಬಂದವು. ಹೀಗೆಂದು ವಾದಿಸಿ ತೋರಿಸಿದವನು ಚಾರ್ಲ್ಸ್ ಡಾರ್ವಿನ್. ಅದಕ್ಕಾಗಿ ಆತ ತಾನೇ ಪಾರಿವಾಳ ಸಾಕಿದ, ಲಂಡನ್ನಿನ ಎರಡು ಪಾರಿವಾಳ ಸಂಘಗಳಿಗೆ ಸದಸ್ಯನಾದ. 1859ರಲ್ಲಿ ಬಂದ ಅವನ ಮಹಾಗ್ರಂಥದ ಮೊದಲ ಅಧ್ಯಾಯದ ದೊಡ್ಡ ಪಾಲು ಪಾರಿವಾಳಕ್ಕೇ ಮೀಸಲು. ಅಲ್ಲಿ ಆತ ಭಾರತದಿಂದ ಪಾರಿವಾಳದ ಚರ್ಮಗಳನ್ನು ಕಳಿಸಿಕೊಟ್ಟ ಒಬ್ಬರನ್ನು ಹೆಸರು ಹೇಳಿ ನೆನೆಯುತ್ತಾನೆ: ವಾಲ್ಟರ್ ಎಲಿಯಟ್. ನಮ್ಮ ಸೀಮೆಗೆ ಇದು ಹೊಸ ಹೆಸರಲ್ಲ. 1824ರಲ್ಲಿ ಕಿತ್ತೂರಿನಲ್ಲಿ ಚೆನ್ನಮ್ಮನ ಸೈನ್ಯಕ್ಕೆ ಸೆರೆಸಿಕ್ಕ ಬ್ರಿಟಿಷ್ ಅಧಿಕಾರಿಗಳಲ್ಲಿ ಒಬ್ಬ ಈತನೇ. ಧಾರವಾಡದ ಕಡೆ ಕೆಲಸ ಮಾಡುತ್ತ ನೂರಾರು ಕನ್ನಡ ಶಾಸನಗಳ ನಕಲು ಮಾಡಿಸಿ ಚಾಲುಕ್ಯರ ಚರಿತ್ರೆ ಬರೆದವನೂ ಈತನೇ. ಚಾಲುಕ್ಯರ ಶಾಸನ ಓದಿಸಿದ ಮನುಷ್ಯ ಡಾರ್ವಿನ್ನನಿಗೆ ಪಾರಿವಾಳವನ್ನೂ ಒದಗಿಸಿದ ಎಂಬುದನ್ನು ನೆನೆದರೆ ಬಾದಾಮಿಯ ಬಂಡೆಯ ಹಕ್ಕಿಗಳನ್ನು ನೋಡುವ ನೋಟವೇ ಬೇರೆಯಾಗುತ್ತದೆ.

ಹಾರಿಸುವ ಪಂಥದಲ್ಲಿ ಎರಡು ದಾರಿ. ಗಿರಬಾಜದವರು ನೋಡುವುದು ಎಷ್ಟು ಹೊತ್ತು ಎಂಬುದನ್ನು. ಬೆಳಗ್ಗೆ ಬಿಟ್ಟ ಹಕ್ಕಿ ತನ್ನ ಮಾಳಿಗೆಯ ಮೇಲೇ, ಕಣ್ಣಿಗೆ ಸಿಗದಷ್ಟು ಎತ್ತರದಲ್ಲಿ ತಾಸುಗಟ್ಟಲೆ ಸುತ್ತಿ, ಕೊನೆಗೆ ತನ್ನ ಗೂಡಿಗೇ ಇಳಿಯಬೇಕು. ಬೇರೆ ಮನೆಗೆ ಇಳಿದರೆ ಆಟ ಹೋಯಿತು. ಅಂಪೈರ್ ಗಡಿಯಾರ ಹಿಡಿದು ಕೂತಿರುತ್ತಾನೆ, ಓಣಿಯ ಅರ್ಧ ಜನ ಕತ್ತು ಮೇಲೆತ್ತಿ ನಿಂತಿರುತ್ತಾರೆ. ಈ ಆಟಕ್ಕೆ ಅಕ್ಬರನ ಆಸ್ಥಾನದಲ್ಲಿ ಇಷ್ಕ್‌ಬಾಜಿ ಎಂಬ ಹೆಸರಿತ್ತು, ಅರಮನೆಯಲ್ಲಿ 20,000ಕ್ಕೂ ಹೆಚ್ಚು ಪಾರಿವಾಳ ಇದ್ದವು ಎಂದು ಅಬುಲ್ ಫಜಲ್ ಬರೆದಿದ್ದಾನೆ. ಆ ಮನೆತನಕ್ಕೆ ಅದು ಹಳೆಯ ನಂಟು: ಬಾಬರನ ತಂದೆ ಉಮರ್ ಶೇಖ್ ಮಿರ್ಜಾ 1494ರಲ್ಲಿ ಸತ್ತದ್ದೇ ಕೋಟೆಯ ಪಾರಿವಾಳದ ಮನೆ ಕಂದರಕ್ಕೆ ಕುಸಿದಾಗ, ಹಕ್ಕಿಗಳ ಜೊತೆಗೇ.

ಹೋಮರ್ ಸಾಕುವವರು ನೋಡುವುದು ಎಷ್ಟು ಬೇಗ ಎಂಬುದನ್ನು. ಬೆಂಗಳೂರು, ಚೆನ್ನೈಗಳಲ್ಲಿ ಇದರ ಸಂಘಗಳಿವೆ. ಹಕ್ಕಿಗಳನ್ನು ಲಾರಿಯಲ್ಲಿ ನಾಗಪುರ, ಭೋಪಾಲದಂಥ ದೂರದ ಊರಿಗೆ ಒಯ್ದು ಎಲ್ಲವನ್ನೂ ಒಟ್ಟಿಗೆ ಬಿಡುತ್ತಾರೆ. ಒಂದೊಂದರ ಮನೆ ಒಂದೊಂದು ಕಡೆ. ಹಾಗಾಗಿ ಮೊದಲು ಮುಟ್ಟಿದ್ದೇ ಗೆದ್ದಿತೆಂದಲ್ಲ. ಬಿಟ್ಟ ಜಾಗದಿಂದ ಗೂಡಿನವರೆಗಿನ ದೂರವನ್ನು ಹಿಡಿದ ಸಮಯದಿಂದ ಭಾಗಿಸಿ, ನಿಮಿಷಕ್ಕೆ ಎಷ್ಟು ಮೀಟರ್ ಎಂದು ಲೆಕ್ಕ ಹಾಕುತ್ತಾರೆ. ಗಾಳಿ ಅನುಕೂಲವಾಗಿದ್ದರೆ ಒಳ್ಳೆಯ ಹಕ್ಕಿ ತಾಸಿಗೆ 80 ಕಿಲೋಮೀಟರ್ ದಾಟುತ್ತದೆ. ಅದಕ್ಕೆ ಮೊದಲು ತಿಂಗಳುಗಟ್ಟಲೆ ಪಾಠ: ಎರಡು ಕಿಲೋಮೀಟರ್, ಐದು, ಹತ್ತು, ಇಪ್ಪತ್ತೈದು. ಪಂಕ್ಚರ್ ಅಂಗಡಿಯವರು ನನ್ನ ಕೈಗೆ ಬುಟ್ಟಿ ಕೊಟ್ಟದ್ದು ಇಂಥದೇ ಪಾಠಕ್ಕೆ.

ಹೇಗೆ ಬರುತ್ತವೆ? ಈ ಪ್ರಶ್ನೆಗೆ ಜೀವಮಾನ ಕೊಟ್ಟ ವಿಜ್ಞಾನಿಗಳಿದ್ದಾರೆ. ಅಮೆರಿಕದ ವಿಲಿಯಂ ಕೀಟನ್ 1971ರಲ್ಲಿ ಹಕ್ಕಿಗಳ ಬೆನ್ನಿಗೆ ಆಯಸ್ಕಾಂತ ಕಟ್ಟಿ ಬಿಟ್ಟಾಗ, ಬಿಸಿಲಿನ ದಿನ ಅವು ಸರಿಯಾಗಿ ಬಂದವು, ಮೋಡದ ದಿನ ದಿಕ್ಕು ಕಳೆದುಕೊಂಡವು. ಸೂರ್ಯನಿದ್ದರೆ ಸೂರ್ಯ, ಇಲ್ಲದಿದ್ದರೆ ಭೂಮಿಯ ಕಾಂತಶಕ್ತಿ. ಇಟಲಿಯ ಫ್ಲೋರಿಯಾನೊ ಪಾಪಿ ಗಾಳಿಯ ವಾಸನೆಯೂ ದಾರಿ ತೋರಿಸುತ್ತದೆ ಎಂದ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು 2004ರಲ್ಲಿ ಆಕ್ಸ್‌ಫರ್ಡಿನ ಸಂಶೋಧಕರು ಹಕ್ಕಿಗಳ ಬೆನ್ನಿಗೆ ಪುಟ್ಟ ಜಿಪಿಎಸ್ ಕಟ್ಟಿ ಕಂಡದ್ದು. ಪರಿಚಯದ ಸೀಮೆಗೆ ಬಂದ ಮೇಲೆ ಪಾರಿವಾಳಗಳು ಕೆಳಗಿನ ಹೆದ್ದಾರಿಯ ಗುಂಟವೇ ಹಾರುತ್ತವಂತೆ, ರಸ್ತೆ ಕೂಡುವಲ್ಲಿ ತಿರುಗುತ್ತವಂತೆ. ಅದನ್ನು ಓದಿದ ದಿನದಿಂದ, ಬಾದಾಮಿ ಕಡೆ ಬಿಟ್ಟ ಹಕ್ಕಿ ನಮ್ಮ ಕ್ರಾಸಿನ ಮೇಲೆ ಬಂದು ಹೊರಳುವುದನ್ನು ಕಲ್ಪಿಸಿಕೊಳ್ಳದೆ ನಾನು ಆ ಬಸ್‌ನಿಲ್ದಾಣದಲ್ಲಿ ನಿಂತಿಲ್ಲ.

ರಸ್ತೆಯೇ ಇಲ್ಲವಾದಾಗಲೂ ಅವು ಬರುತ್ತವೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಕೊಣ್ಣೂರು, ಗೋವನಕೊಪ್ಪಗಳ ನಡುವೆ ಹೆದ್ದಾರಿ ಮುಳುಗಿದಾಗ ನನಗೆ ಒಡಿಶಾ ನೆನಪಾಯಿತು. ಅಲ್ಲಿನ ಪೊಲೀಸರು 1946ರಲ್ಲಿ ಸೈನ್ಯದಿಂದ ಪಡೆದ ಪಾರಿವಾಳಗಳಿಂದ ಟಪಾಲು ಸೇವೆ ಶುರುಮಾಡಿದರು. 1948ರಲ್ಲಿ ನೆಹರೂ ಸಂಬಲಪುರದಿಂದ ಕಟಕ್‌ಗೆ ಕಳಿಸಿದ ಸಂದೇಶವನ್ನು ಒಂದು ಪಾರಿವಾಳ ಮುಟ್ಟಿಸಿತು. 1999ರ ಮಹಾ ಚಂಡಮಾರುತದಲ್ಲಿ ತಂತಿ, ಫೋನು ಎಲ್ಲ ಸತ್ತಾಗಲೂ ಈ ಹಕ್ಕಿಗಳು ಸುದ್ದಿ ಹೊತ್ತವು.

ಪುಸ್ತಕ ಓದಿ ಪಾರಿವಾಳಕ್ಕೆ ಒಲಿದವರೂ ಇದ್ದಾರೆ. ಕಲಕತ್ತೆಯ ಹುಡುಗನೊಬ್ಬ ಚಿತ್ರಗ್ರೀವ ಎಂಬ ಪಾರಿವಾಳ ಸಾಕಿದ ಕತೆಯನ್ನು ಧನಗೋಪಾಲ ಮುಖರ್ಜಿ ಅಮೆರಿಕದಲ್ಲಿ ಕೂತು ಬರೆದರು, 1928ರ ನ್ಯೂಬೆರಿ ಪದಕ ಅದಕ್ಕೆ ಸಿಕ್ಕಿತು. ಹುಡುಗರ ಕೈಗೆ ಕೊಡಬೇಕಾದ ಪುಸ್ತಕ.

ಈ ಹವ್ಯಾಸವನ್ನು ಕೆಡಿಸುವುದು ಯಾವುದೆಂದೂ ಹೇಳಬೇಕು. 2020ರಲ್ಲಿ ಬೆಲ್ಜಿಯಂನ ನ್ಯೂ ಕಿಮ್ ಎಂಬ ಹೆಣ್ಣು ಪಾರಿವಾಳ 16 ಲಕ್ಷ ಯೂರೊಗೆ, ಅಂದಿನ ಲೆಕ್ಕದಲ್ಲಿ 14 ಕೋಟಿ ರೂಪಾಯಿಗೆ ಹರಾಜಾಯಿತು. ಇಂಥ ಸುದ್ದಿ ಕೇಳಿ ಗೂಡು ಕಟ್ಟಲು ಹೊರಟವರು ಹೆಚ್ಚು ದಿನ ಉಳಿಯುವುದಿಲ್ಲ. ಬಾಜಿ ಕಟ್ಟುವವರ ಕೈಗೆ ಸಿಕ್ಕ ಹಕ್ಕಿಗೆ ಸುಖವಿಲ್ಲ. ದಣಿದು ಇಳಿಯಬಂದದ್ದನ್ನು ಕೋಲು ಬೀಸಿ ಮತ್ತೆ ಎಬ್ಬಿಸುವುದನ್ನು ಕಂಡರೆ ಸಂಕಟವಾಗುತ್ತದೆ. ಪಕ್ಕದ ಮನೆಯ ಹಕ್ಕಿಗೆ ಜೋಡಿ ತೋರಿಸಿ ಹಿಡಿದು ಇಟ್ಟುಕೊಳ್ಳುವುದನ್ನು ಜಾಣತನ ಎನ್ನುವವರಿದ್ದಾರೆ, ನಾನು ಅದನ್ನು ಕಳವು ಎನ್ನುತ್ತೇನೆ. ಇನ್ನೊಂದು ಎಚ್ಚರ: ಒಣಗಿದ ಹಿಕ್ಕೆ, ಗರಿಯ ಧೂಳು ವರ್ಷಗಟ್ಟಲೆ ಉಸಿರಿನಲ್ಲಿ ಹೋದರೆ ಶ್ವಾಸಕೋಶದ ಕಾಯಿಲೆ ಬರುತ್ತದೆ. ಗೂಡು ಗುಡಿಸುವಾಗ ಮೂಗಿಗೆ ಬಟ್ಟೆಯಲ್ಲ, ಒಳ್ಳೆಯ ಮಾಸ್ಕೇ ಬೇಕು. ಚಿಕ್ಕ ಮಕ್ಕಳನ್ನು ಆ ಕೆಲಸಕ್ಕೆ ಹಚ್ಚಬಾರದು.

ದಾರಿ ತಪ್ಪಿದ ಹೋಮರ್ ಯಾವ ಊರಿನ ಮಾಳಿಗೆಗಾದರೂ ಇಳಿಯಬಹುದು. ನಿಮ್ಮಲ್ಲಿಗೆ ಬಂದರೆ ಮೊದಲು ನೀರಿಡಿ, ಆಮೇಲೆ ಜೋಳ, ಗೋಧಿ. ಬೆಕ್ಕಿಗೆ ಸಿಗದ ಕಡೆ, ನೆರಳಿನಲ್ಲಿ ಒಂದೆರಡು ದಿನ ದಣಿವಾರಿಸಿಕೊಳ್ಳಲಿ. ಕಾಲಿನ ಉಂಗುರದಲ್ಲಿ ಸಂಘದ ಅಕ್ಷರ, ಹುಟ್ಟಿದ ವರ್ಷ, ಕ್ರಮಾಂಕ ಇರುತ್ತವೆ; ಬರೆದಿಟ್ಟುಕೊಂಡು ಸಂಘದವರಿಗೆ ತಿಳಿಸಿ. ದಯವಿಟ್ಟು ರೆಕ್ಕೆ ಕತ್ತರಿಸಬೇಡಿ. ಮೋಡವಿಲ್ಲದ ಬೆಳಗು ನೋಡಿ ಬಿಡಿ, ಮನೆಯಲ್ಲಿ ಮಕ್ಕಳಿದ್ದರೆ ಬಿಡುವ ಕೆಲಸವನ್ನು ಅವರ ಕೈಗೇ ಕೊಡಿ.