ಬಿಗ್ ಶಾಂಟಿಯ ಉಗಿಬಂಡಿ

ಅಟ್ಲಾಂಟಾದ ವಾಯವ್ಯಕ್ಕಿರುವ ಕೆನೆಸಾ ಪಟ್ಟಣಕ್ಕೆ ನಾವು ಹೋದುದು ಅಣ್ಣನ ಮೊಮ್ಮಗನ ಒತ್ತಾಯಕ್ಕೆ. ಅಂತರ್ಯುದ್ಧದ ಕಾಲದಲ್ಲಿ ಬಿಗ್ ಶಾಂಟಿ ಎನಿಸಿದ್ದ ಇಲ್ಲಿಂದಲೇ 1862ರ ಏಪ್ರಿಲ್ 12ರಂದು ಉತ್ತರಪಕ್ಷದ ಆಂಡ್ರೂಸನ ತಂಡವು ಹಳಿ, ಸೇತುವೆಗಳನ್ನು ಕೆಡಿಸಲೆಂದು ‘ಜನರಲ್’ ಎಂಬ ಉಗಿಬಂಡಿಯನ್ನು ಮೂರು ಸರಕು ಡಬ್ಬಿಗಳೊಡನೆ ಅಪಹರಿಸಿತು. ಬೆನ್ನಟ್ಟಿದವರು ‘ಟೆಕ್ಸಾಸ್’ ಬಂಡಿಯನ್ನು ಹಿಮ್ಮುಖವಾಗಿಯೇ ಓಡಿಸಿದರು. ರಿಂಗೋಲ್ಡ್ ದಾಟುವಷ್ಟರಲ್ಲಿ ಜನರಲ್‌ನ ಸೌದೆ ತೀರಿತು. ಆಂಡ್ರೂಸನೂ ಸೇರಿ ಎಂಟು ಮಂದಿ ಗಲ್ಲಿಗೇರಿದರು.

1855ರಲ್ಲಿ ನಿರ್ಮಿತವಾದ ಆ ಬಂಡಿ ಇಂದು ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿದೆ. ಮುಂದೆ ನಾಲ್ಕು ಪುಟ್ಟ ಗಾಲಿ, ಹಿಂದೆ ನಾಲ್ಕು ದೊಡ್ಡ ಗಾಲಿ, ಮೇಲೆ ಉಬ್ಬಿದ ಹೊಗೆಕೊಳವೆ.

ಮೇಜಿನ ಮೇಲೆ ಆ ಯುದ್ಧವನ್ನಾಡಲು ಹುಡುಗನಿಗೆ ಇಂಥದೇ ಪ್ರತಿಕೃತಿ ಬೇಕಿತ್ತು. ಹೊಸದರ ಬೆಲೆ ಕೇಳಿದಾಗ ಹಳ್ಳಿಶಾಲೆಯ ಉಪಾಧ್ಯಾಯರ ಕೈ ಜೇಬಿನಿಂದ ಹೊರಬರಲಿಲ್ಲ! ಆದರೆ ಆಟದಲ್ಲಿ ರೈಲನ್ನು ಬೆರಳಿನಿಂದಲೇ ಸರಿಸುವರಷ್ಟೆ, ಮೋಟಾರು ಸತ್ತಿದ್ದರೇನು? ಹಳೆಯ ಸಾಮಾನಿನ ಅಂಗಡಿಯಲ್ಲಿ ಅಂಥದೊಂದು ಅಗ್ಗಕ್ಕೆ ದೊರೆಯಿತು. ಅವನ ಪ್ಲಾಸ್ಟಿಕ್ ಸೈನಿಕರದು 1:72ರ ಪ್ರಮಾಣ, ಬಂಡಿಯದು 1:87; ತುಸು ಕಿರಿದಾದರೂ ಕಣ್ಣಿಗೆ ಒಪ್ಪಿತು. ಡಬ್ಬಿಗಳನ್ನು ಮಾತ್ರ ನೋಡಿಯೇ ಆರಿಸಿದೆವು: ಉಕ್ಕಿನವು ಆ ಕಾಲಕ್ಕೆ ಸಲ್ಲವು, ಮರದ ಹಲಗೆಯವೇ ಬೇಕು.

ರಾತ್ರಿ ಆಟ ಮುಗಿದಾಗ ಹುಡುಗನು ಎಂಟು ಸೈನಿಕರನ್ನು ಪೆಟ್ಟಿಗೆಗೆ ಹಾಕದೆ ಕಿಟಕಿಯ ಮೇಲೆ ನಿಲ್ಲಿಸಿದನು. ನಾವೇನೂ ಕೇಳಲಿಲ್ಲ.