ಮಸೆದ ಮೇಲೆಯೇ ಚಾಕು

ಕುಲುಮೆಯಿಂದ ಹೊಸ ಕುಡುಗೋಲು ತಂದವರು ಅದನ್ನು ನೇರವಾಗಿ ಗದ್ದೆಗೆ ಒಯ್ಯುವುದಿಲ್ಲ. ಮೊದಲು ಹಿತ್ತಿಲ ಮಸೆಗಲ್ಲಿನ ಮುಂದೆ ಕೂರುತ್ತಾರೆ. ಕಮ್ಮಾರರು ಕೊಡುವುದು ಉಕ್ಕು, ಆಕಾರ, ಹದ. ಬಾಯಿ ಕೊಡಬೇಕಾದವರು ಬಳಸುವವರು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಊರುಗಳಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಪೇಟೆಯಲ್ಲಿ ಡಬ್ಬಿಯೊಳಗೆ ಮಿರುಗುವ ಚಾಕು ಕೊಳ್ಳುವಾಗ ಮಾತ್ರ ಈ ತಿಳಿವಳಿಕೆ ನಮ್ಮನ್ನು ಬಿಟ್ಟುಹೋಗುತ್ತದೆ. ದುಡ್ಡು ಕೊಟ್ಟಿದ್ದೇವೆ, ಹರಿತವೂ ಜೊತೆಗೇ ಬಂದಿರಬೇಕು ಅಂದುಕೊಳ್ಳುತ್ತೇವೆ.

ನಾನು ಕೊಂಡ ಮಡಚುವ ಚಾಕು ನೋಡಲು ಚೆಂದವಿತ್ತು. ಕೈಗೆ ಹಿತವಾದ ಹಿಡಿ, ಕನ್ನಡಿಯಂಥ ಅಲಗು. ಟೊಮೇಟೊ ಮೇಲಿಟ್ಟರೆ ಸಿಪ್ಪೆ ತಗ್ಗಿತೇ ಹೊರತು ಸೀಳಲಿಲ್ಲ. ಕಬ್ಬಿನ ಜಲ್ಲೆಯ ಸಿಪ್ಪೆ ಹೆರೆಯಲು ಹೋದರೆ ಜಾರಿ ಹೆಬ್ಬೆರಳ ಕಡೆಗೇ ಬಂತು. ಮೊಂಡು ಚಾಕುವಿನಿಂದ ಅಪಾಯವಿಲ್ಲ ಎಂದು ನಂಬಿರುವವರು ಬಹಳ. ನಿಜ ಬೇರೆಯೇ ಇದೆ. ಮೊಂಡಾದಷ್ಟೂ ಹೆಚ್ಚು ಒತ್ತುತ್ತೇವೆ, ಒತ್ತಿದಷ್ಟೂ ಜಾರುತ್ತದೆ, ಜಾರಿದ ಮೇಲೆ ಅದು ಎಲ್ಲಿ ನಿಲ್ಲುತ್ತದೆ ಎಂಬುದು ನಮ್ಮ ಕೈಯಲ್ಲಿರುವುದಿಲ್ಲ.

ಹೊಸ ಚಾಕು ಮೊಂಡಾಗಿರುವುದಕ್ಕೆ ಕಾರಣಗಳಿವೆ. ಅಗ್ಗದ ಚಾಕುಗಳ ತಯಾರಿಕೆಯಲ್ಲಿ ಬಾಯಿ ತೆಗೆಯುವುದು ಕೊನೆಯ ಕೆಲಸ, ಅವಸರದ ಕೆಲಸ. ತಿರುಗುವ ಪಟ್ಟೆಗೆ ಎರಡೂ ಮಗ್ಗುಲನ್ನು ಬೇಗ ತಾಗಿಸಿ ಮುಂದಕ್ಕೆ ಕಳಿಸುತ್ತಾರೆ. ಬಾಯಿ ತೆಳ್ಳಗಾದರೆ ಒರಟು ಬಳಕೆಯಲ್ಲಿ ಬೇಗ ಮುಕ್ಕಾಗುತ್ತದೆ. ಹಾಗಾಗಿ ದಪ್ಪವಾಗಿಯೇ ಬಿಡುತ್ತಾರೆ. ತುಕ್ಕು ಹಿಡಿಯದಿರಲೆಂದು ಸ್ಟೇನ್‌ಲೆಸ್ ಸ್ಟೀಲಿಗೆ ಕ್ರೋಮಿಯಂ ಸೇರಿಸಿರುತ್ತಾರೆ, ಕನಿಷ್ಠ ನೂರಕ್ಕೆ 10.5ರಷ್ಟು. ಅಂಥ ಉಕ್ಕು ಕಲ್ಲಿಗೆ ಸುಲಭವಾಗಿ ಸವೆಯುವುದಿಲ್ಲ. ನಮ್ಮ ಕಮ್ಮಾರರು ಲಾರಿಯ ಹಳೆಯ ಕಮಾನು ಪಟ್ಟೆ ಕಾಯಿಸಿ ಬಡಿದು ಮಾಡುವ ಮಚ್ಚು ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ, ಆದರೆ ಕಲ್ಲಿಗೆ ಕೊಟ್ಟ ಕೂಡಲೇ ಒಲಿಯುತ್ತದೆ. ಎರಡರ ಗುಣವೂ ಬೇರೆ, ಎರಡಕ್ಕೂ ಬೇಕಾದ ತಾಳ್ಮೆಯೂ ಬೇರೆ.

ನನಗೆ ಮಸೆಯುವುದನ್ನು ಕಲಿಸಿದವರು ಪಾಂಡವಪುರದ ಕಡೆಯ ಹಿರಿಯರೊಬ್ಬರು. ಕಬ್ಬು ಕಡಿಯುತ್ತಲೇ ಬಾಳಿದವರು. ಮಂಡಿಯೂರಿ ಕುಳಿತು ಕಲ್ಲಿನ ಮೇಲೆ ಬಲವಾಗಿ ಉಜ್ಜುತ್ತಿದ್ದ ನನ್ನನ್ನು ನೋಡಿ, "ಒತ್ಬ್ಯಾಡ ಕಣಪ್ಪ, ಬುಡು. ಕಲ್ಲು ಅದ್ರ ಕೆಲ್ಸ ಅದು ಮಾಡ್ತದೆ" ಅಂದರು. "ಹಂಗಾದ್ರೆ ನನ್ನ ಕೆಲ್ಸ ಏನು ತಾತ?" ಅಂತ ಕೇಳಿದೆ. "ಓರೆ ತಪ್ಪದಂಗೆ ಹಿಡ್ಕೊಂಡಿರೋದು. ಅಷ್ಟೇಯ" ಅಂದರು. ಮಸೆಯುವ ವಿದ್ಯೆಯೆಲ್ಲ ಆ ಎರಡು ಮಾತಿನಲ್ಲಿದೆ.

ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಸಾಣೆಕಲ್ಲಿಗೆ ಸಾಮಾನ್ಯವಾಗಿ ಎರಡು ಮುಖ, ಒಂದು ಒರಟು, ಇನ್ನೊಂದು ನಯ. ಇದು 1890ರ ದಶಕದಿಂದ ಕುಲುಮೆಯಲ್ಲೇ ತಯಾರಾಗುತ್ತ ಬಂದಿರುವ ಕಾರ್ಬೊರಂಡಮ್; ಅಮೆರಿಕದ ಎಡ್ವರ್ಡ್ ಅಚೆಸನ್ ಅದನ್ನು ತಯಾರಿಸುವ ಬಗೆ ಕಂಡುಕೊಂಡ. ಕಲ್ಲನ್ನು ನೀರಿನಲ್ಲಿ ನೆನೆಸಿ, ಅಲುಗದ ಹಾಗೆ ಒದ್ದೆ ಗೋಣಿತಾಟಿನ ಮೇಲಿಡಬೇಕು. ಚಾಕುವಿನ ಬೆನ್ನನ್ನು ಕಲ್ಲಿನಿಂದ ಸುಮಾರು 20 ಡಿಗ್ರಿ ಎತ್ತಿ ಹಿಡಿಯಬೇಕು. ಅಲಗು 2 ಸೆಂಟಿಮೀಟರ್ ಅಗಲವಿದ್ದರೆ ಬೆನ್ನು ಕಲ್ಲಿನಿಂದ 7 ಮಿಲಿಮೀಟರಿನಷ್ಟು ಮೇಲಿರುತ್ತದೆ. ಒಂದರ ಮೇಲೊಂದು ನಾಲ್ಕು ನಾಣ್ಯ ಜೋಡಿಸಿ ಬೆನ್ನಿನ ಕೆಳಗಿಟ್ಟು ನೋಡಿದರೆ ಈ ಎತ್ತರದ ಅಂದಾಜು ಕೈಗೆ ಸಿಗುತ್ತದೆ. ಆಮೇಲೆ ನಾಣ್ಯ ತೆಗೆದು, ಕಲ್ಲಿನ ಮೇಲಿಂದ ತೆಳ್ಳನೆಯ ಪದರವೊಂದನ್ನು ಹೆರೆಯುವ ಹಾಗೆ, ಹಿಡಿಯ ಬುಡದಿಂದ ತುದಿಯವರೆಗೆ ಎಳೆಯುತ್ತ ಹೋಗಬೇಕು.

ಓರೆ ಸರಿಯಿದೆಯೋ ಇಲ್ಲವೋ ತಿಳಿಯಲು ಬಾಯಿಯ ಉದ್ದಕ್ಕೂ ಸ್ಕೆಚ್ ಪೆನ್ನಿನ ಮಸಿ ಹಚ್ಚಬಹುದು. ನಾಲ್ಕು ಸಲ ಎಳೆದು ನೋಡಿ. ಮಸಿ ಬಾಯಿಯ ತುದಿಯಲ್ಲಿ ಅಳಿಸಿದ್ದರೆ ಓರೆ ಸರಿ. ಮೇಲುಗಡೆ ಮಾತ್ರ ಅಳಿಸಿ ತುದಿಯಲ್ಲಿ ಉಳಿದಿದ್ದರೆ ಬೆನ್ನನ್ನು ಇನ್ನೂ ಎತ್ತಬೇಕು. ಹೊಸ ಚಾಕುವಿನಲ್ಲಿ ಮಸಿ ತುದಿಯಲ್ಲಿ ಉಳಿಯುವುದೇ ಹೆಚ್ಚು. ಕಾರ್ಖಾನೆಯವರು ಬಿಟ್ಟ ದಪ್ಪ ಬಾಯಿ ಎಲ್ಲಿದೆಯೆಂದು ಆ ಕಪ್ಪು ಗೆರೆ ಕಣ್ಣಿಗೆ ತೋರಿಸಿಬಿಡುತ್ತದೆ.

ಹೀಗೆ ಒಂದೇ ಮಗ್ಗುಲನ್ನು ಮಸೆಯುತ್ತಿದ್ದರೆ ಕಲ್ಲಿನ ಮೇಲಿನ ನೀರು ಕಪ್ಪಾಗುತ್ತದೆ. ಸವೆದ ಉಕ್ಕು ಅದು. ತುದಿ ತೆಳ್ಳಗಾಗುತ್ತ ಆಗುತ್ತ ಉಕ್ಕಿನ ಒಂದು ಸಣ್ಣ ಎಳೆ ಆಚೆ ಮಗ್ಗುಲಿಗೆ ಮಡಚಿಕೊಳ್ಳುತ್ತದೆ. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ತಿಳಿಯುತ್ತದೆ. ಹೆಬ್ಬೆರಳನ್ನು ಬೆನ್ನಿನಿಂದ ಬಾಯಿಯ ಕಡೆಗೆ ಹಗುರವಾಗಿ ಸವರಿ ಆಚೆ ಜಾರಿಸಿದರೆ ತರಕಲಾಗಿ ತಾಗುತ್ತದೆ. ಬಾಯಿಯ ಉದ್ದಕ್ಕೆ ಮಾತ್ರ ಬೆರಳು ಎಳೆಯಕೂಡದು. ಈ ಎಳೆ ಬುಡದಿಂದ ತುದಿಯವರೆಗೆ ಎಲ್ಲೂ ಬಿಡದೆ ಸಿಕ್ಕಿದರೆ ಆ ಮಗ್ಗುಲಿನ ಕೆಲಸ ಮುಗಿಯಿತು. ಅದು ಬರುವ ಮೊದಲೇ ಮಗ್ಗುಲು ಬದಲಿಸುವುದರಿಂದಲೇ ಬಹುಪಾಲು ಜನರ ಚಾಕು ಎಷ್ಟು ಉಜ್ಜಿದರೂ ಮೊಂಡಾಗಿ ಉಳಿಯುತ್ತದೆ. ಇನ್ನೊಂದು ಮಗ್ಗುಲನ್ನೂ ಹೀಗೇ ಮಸೆದು, ನಯವಾದ ಮುಖಕ್ಕೆ ತಿರುಗಿಸಿ ಇನ್ನೂ ಹಗುರಾದ ಕೈಯಲ್ಲಿ ಎಳೆದು, ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಮೇಲೆ ಬೆನ್ನು ಮುಂದಾಗಿ ಸವರಿದರೆ ಆ ಎಳೆ ಕಳಚಿಹೋಗುತ್ತದೆ. ಕ್ಷೌರದ ಕತ್ತಿಯನ್ನು ತೊಗಲಿನ ಪಟ್ಟಿಗೆ ಸವರುತ್ತಿದ್ದುದೂ ಇದಕ್ಕಾಗಿಯೇ.

ಹರಿತವಾಯಿತೇ ಎಂದು ತಿಳಿಯಲು ಬೆರಳು ಕೊಯ್ದುಕೊಳ್ಳಬೇಕಿಲ್ಲ. ಬಾಯಿ ಮೇಲೆ ಮಾಡಿ ದೀಪದ ಕೆಳಗೆ ಹಿಡಿದು ನೋಡಿ. ಮೊಂಡಾದ ಕಡೆ ಬೆಳಕು ಬಿದ್ದು ಬಿಳಿಯ ಗೆರೆ ಕಾಣುತ್ತದೆ. ಹರಿತವಾದ ಕಡೆ ಬೆಳಕು ನಿಲ್ಲಲು ಜಾಗವೇ ಇರುವುದಿಲ್ಲ, ಅಲ್ಲೇನೂ ಕಾಣುವುದಿಲ್ಲ.

ಹರಿತದ ಬೆಲೆ ಏನೆಂದು ಕಬ್ಬಿನ ಗದ್ದೆಯಲ್ಲಿ ಚೆನ್ನಾಗಿ ತಿಳಿಯುತ್ತದೆ. ಕನ್ನಂಬಾಡಿ ಕಟ್ಟೆಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದ ಮೇಲೆ ಈ ಸೀಮೆ ಕಬ್ಬಿನ ಸೀಮೆಯಾಯಿತು. ಜಲ್ಲೆಯ ಬುಡದ ಗೆಣ್ಣುಗಳಲ್ಲಿ ಸಿಹಿ ಹೆಚ್ಚು. ಆದ್ದರಿಂದ ನೆಲಮಟ್ಟಕ್ಕೆ ಕಡಿಯಬೇಕು. ಹರಿತವಾದ ಮಚ್ಚು ಒಂದೇ ಏಟಿಗೆ ನುಣ್ಣಗೆ ಕಡಿಯುತ್ತದೆ. ಮೊಂಡು ಮಚ್ಚು ಬುಡವನ್ನು ಸೀಳುತ್ತದೆ, ಮಣ್ಣಿನೊಳಗಿನ ಮೊಗ್ಗನ್ನು ಅಲುಗಿಸುತ್ತದೆ. ಸೀಳಿದ ಬುಡದಲ್ಲಿ ಕೊಳೆ ಸೇರುತ್ತದೆ, ಮುಂದಿನ ಕೂಳೆ ಬೆಳೆ ಒಂದೇ ಸಮ ಏಳುವುದಿಲ್ಲ. ಈ ವರ್ಷ ಮಸೆಯದೆ ಬಿಟ್ಟದ್ದು ಮುಂದಿನ ವರ್ಷದ ಗದ್ದೆಯಲ್ಲಿ ಕಾಣಿಸುತ್ತದೆ. ಅದಕ್ಕೇ ಕಡಿಯುವವರ ಸೊಂಟದಲ್ಲೋ ಬುತ್ತಿಯ ಚೀಲದಲ್ಲೋ ಒಂದು ಅರ ಇದ್ದೇ ಇರುತ್ತದೆ. ನೀರು ಕುಡಿಯಲು ಕೂತಾಗಲೂ ಅವರ ಕೈ ಮಚ್ಚಿನ ಬಾಯಿಯ ಮೇಲೆ ಆಡುತ್ತಿರುತ್ತದೆ. ನಾಗಮಂಗಲದ ಬೆದ್ದಲು ಹೊಲದಲ್ಲಿ ರಾಗಿ ಕೊಯ್ಯುವ ಹೆಂಗಸರೂ ಅಷ್ಟೇ, ಕುಡುಗೋಲು ತಟ್ಟಿಸಿಕೊಳ್ಳದೆ ಕೊಯ್ಲಿಗೆ ಇಳಿಯುವುದಿಲ್ಲ.

ಗದ್ದೆಯಲ್ಲಷ್ಟೇ ಅಲ್ಲ, ಕಲ್ಲಿನ ಕೆತ್ತನೆಯಲ್ಲೂ ಹರಿತದ ಬೆಲೆ ಕಾಣುತ್ತದೆ. ಕೆ.ಆರ್. ಪೇಟೆ ಪಕ್ಕದ ಹೊಸಹೊಳಲಿಗೆ ಹೋದಾಗ ಲಕ್ಷ್ಮೀನಾರಾಯಣ ಗುಡಿಯ ಗೋಡೆಯನ್ನು ಹತ್ತಿರದಿಂದ ನೋಡಿ. 13ನೆಯ ಶತಮಾನದ ಕೆಲಸ. ಆನೆಯ ಸಾಲು, ಕುದುರೆಯ ಸಾಲು, ಅವುಗಳ ಮೇಲೆ ಬಳ್ಳಿ. ಸರದ ಒಂದೊಂದು ಮಣಿಯೂ ಬಿಡಿಬಿಡಿಯಾಗಿ ಕಾಣುತ್ತದೆ. ಬಳಪದ ಕಲ್ಲು ಮೆದುವಾಗಿತ್ತು ನಿಜ. ಆದರೆ ಉಳಿಯ ಬಾಯಿ ಮೊಂಡಾಗಿದ್ದರೆ ಮೆದುವಾದ ಕಲ್ಲೂ ಪುಡಿಯಾಗುತ್ತದೆಯೇ ಹೊರತು ಮಣಿಯಾಗುವುದಿಲ್ಲ. ಶಿಲ್ಪಿಗಳ ಹೆಸರು ಕೆಲವೆಡೆ ಉಳಿದಿದೆ. ಅವರ ಉಳಿಗಳನ್ನು ಮತ್ತೆ ಮತ್ತೆ ಕಾಯಿಸಿ, ಬಡಿದು, ಮಸೆದುಕೊಟ್ಟ ಕೈಗಳ ಹೆಸರು ಉಳಿದಿಲ್ಲ. ಆ ಗೋಡೆಯಲ್ಲಿ ಅವರ ಪಾಲೂ ಇದೆ.

ಉಕ್ಕಿನ ವಿಷಯದಲ್ಲಿ ಈ ನಾಡು ಹಿಂದೆ ಬಿದ್ದದ್ದಲ್ಲ. ಟಿಪ್ಪುವಿನ ಕಾಲದ ಶ್ರೀರಂಗಪಟ್ಟಣದ ಕಾರ್ಖಾನೆಗಳಲ್ಲಿ ಬಂದೂಕಿನ ಜೊತೆಗೆ ಚಾಕು ಕತ್ತರಿಯಂಥ ದಿನಬಳಕೆಯ ಸಾಮಾನೂ ತಯಾರಾಗುತ್ತಿತ್ತು. 1799ರಲ್ಲಿ ಪಟ್ಟಣ ಬಿತ್ತು. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಇಲ್ಲಿಯವರು ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡಿನ ಜೊತೆ ತಂಗಡಿ ಗಿಡದ ಕಡ್ಡಿ, ಹಸಿರೆಲೆ ಇಟ್ಟು ಬಾಯಿ ಮುಚ್ಚಿ, ಕುಲುಮೆಯಲ್ಲಿ ಕಾಯಿಸಿ ಉಕ್ಕು ಮಾಡುವುದನ್ನು ಬರೆದಿಟ್ಟ. ಅದಕ್ಕೂ ಮೊದಲು, 1794ರಲ್ಲಿ ಮುಂಬಯಿಯಿಂದ ಭಾರತದ ಇಂಥ ಉಕ್ಕು ಲಂಡನ್ನಿಗೆ ಹೋಗಿತ್ತು. ಅಲ್ಲಿ ಜೇಮ್ಸ್ ಸ್ಟೋಡಾರ್ಟ್ ಎಂಬ ಚಾಕು ತಯಾರಕ ಅದನ್ನು ಬಡಿದು ಮಾಡಿದ್ದು ಕತ್ತಿಯನ್ನಲ್ಲ, ಜೇಬಿನಲ್ಲಿ ಇಟ್ಟುಕೊಳ್ಳುವ ಸಣ್ಣ ಚಾಕುವನ್ನು. ಉಕ್ಕಿನ ಯೋಗ್ಯತೆಯನ್ನು ಆತ ಅಳೆದದ್ದು ಅದರ ಬಾಯಿಯಲ್ಲಿ. ಮೂಸೆಯಲ್ಲಿ ಎಷ್ಟೇ ಒಳ್ಳೆಯ ಉಕ್ಕು ಇಳಿದರೂ ಒಬ್ಬರು ಕೂತು ಮಸೆಯುವವರೆಗೆ ಅದು ಕೊಯ್ಯುವುದಿಲ್ಲ.

ಸೈಕಲ್ಲಿಗೆ ಸಾಣೆಚಕ್ರ ಕಟ್ಟಿಕೊಂಡು ಬೀದಿಗೆ ಬರುತ್ತಿದ್ದವರು ಈಗ ಅಪರೂಪ. ಚಾಕು ಮೊಂಡಾದರೆ ಎಸೆದು ಇನ್ನೊಂದು ತರುವ ರೂಢಿ ಮನೆಮನೆಗೂ ಬಂದಿದೆ. ಇದು ನನಗೆ ನಿಜವಾಗಿ ಬೇಸರದ ಸಂಗತಿ. ಎಸೆದದ್ದು ಕೆಟ್ಟ ಚಾಕುವಲ್ಲ, ಮಸೆಯದ ಚಾಕು. ನಾನು ಮಸೆದ ಆ ಮಡಚುವ ಚಾಕು ಈಗ ನಿಂಬೆಹಣ್ಣಿನ ಬಿಲ್ಲೆಯ ಆಚೆ ಬೆಳಕು ಕಾಣುವಷ್ಟು ತೆಳ್ಳಗೆ ಕೊಯ್ಯುತ್ತದೆ. ಕೊಂಡ ದಿನ ಅದು ಅಂಗಡಿಯ ಸಾಮಾನಾಗಿತ್ತು, ಮಸೆದ ಮೇಲೆ ನನ್ನದಾಯಿತು.

ಆಯುಧಪೂಜೆಯ ದಿನ ಕತ್ತಿ, ಈಳಿಗೆಮಣೆ, ಚಾಕುಗಳನ್ನು ತೊಳೆದು ಕುಂಕುಮ ಇಡುತ್ತೇವೆ. ಈ ಸಲ ಕುಂಕುಮಕ್ಕೆ ಮೊದಲು ಅವನ್ನು ಕಲ್ಲಿಗೆ ಕೊಡಿ. ನಿಮ್ಮೂರಲ್ಲಿ ಕುಲುಮೆ ಇನ್ನೂ ಉರಿಯುತ್ತಿದ್ದರೆ ಮಚ್ಚು ಕುಡುಗೋಲುಗಳನ್ನು ಅಲ್ಲಿಗೇ ಒಯ್ಯಿರಿ, ಕೇಳಿದಷ್ಟು ಕೂಲಿ ಕೊಡಿ. ಹೊಸ ಚಾಕು ಕೊಳ್ಳುವ ದಿನ ಜೊತೆಗೊಂದು ಸಾಣೆಕಲ್ಲನ್ನೂ ಕೊಳ್ಳಿ. ಮಕ್ಕಳಿಗೆ ವಯಸ್ಸು ಬಂದ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಮಸೆಯುವುದನ್ನು ಕಲಿಸಿ. ಚಾಕುಗಳು ಬದಲಾಗುತ್ತವೆ, ಕಲಿತ ಕೈ ಜೀವನವಿಡೀ ಜೊತೆಗಿರುತ್ತದೆ.